ಮೂವರು ಡಾಕ್ಟರು, ಒಂದು ರಾತ್ರಿ ಪಾಳಿ: ಶಹಾಪುರದ ನನ್ನ ಅನುಭವ

ಊರಿನ ಮೂವರು ಡಾಕ್ಟರು ರಾತ್ರಿ ಪೇಶೆಂಟುಗಳನ್ನು ಸರದಿಯ ಮೇಲೆ ನೋಡೋಣ, ಉಳಿದಿಬ್ಬರು ಮಲಗಲಿ. ಎರಡು ವರ್ಷದ ಹಿಂದೆ ಈ ಯೋಚನೆ ಹೇಳಿದಾಗ ಗೆಳೆಯರು ನಕ್ಕಿದ್ದರು. 'ನಿಮಗ ಹುಚ್ಚ ಹಿಡದದ ಏನ್ರೀ? ಎದುರಿನ ದವಾಖಾನೆಗೆ ನೀವೇ ಪೇಶೆಂಟ್ ಕಳಸ್ತೀರಿ?' ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನಾನು ಒಬ್ಬನೇ ದವಾಖಾನೆ ನಡೆಸಲು ಶುರು ಮಾಡಿ ಹದಿನಾಲ್ಕು ವರ್ಷ. ಕೆಳಗೆ ದವಾಖಾನೆ, ಮೇಲೆ ಮನೆ. ಇದರ ಅರ್ಥ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹಾವು ಕಚ್ಚಿದವರು, ಹತ್ತಿಗೆ ಹೊಡೆಯುವ ಔಷಧಿ ಕುಡಿದವರು, ಮದುವೆ ಸೀಸನ್ನಿನಲ್ಲಿ ವಾಂತಿ-ಭೇದಿ. ಎಲ್ಲಾ ರಾತ್ರಿಯೇ. ನಮ್ಮೂರ ಬೆಟ್ಟ ಮಲಗಿದ ಬುದ್ಧನ ಹಾಗೆ ಕಾಣುತ್ತೆ ಅಂತ ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು.

ಒಂದು ದಿನ ಪೇಶೆಂಟಿನ ಕೈಯಿಂದ ಬಿಪಿ ಪಟ್ಟಿ ಬಿಚ್ಚಿ ಸುಮ್ನೆ ನನ್ನ ಕೈಗೇ ಸುತ್ತಿಕೊಂಡು ನೋಡಿದೆ. 160/100. ಮಿಷನ್ ಕೆಟ್ಟಿದೆ ಅಂದುಕೊಂಡೆ. ಕಾಂಪೌಂಡರ್‌ಗೆ 124/80 ಬಂತು.

ಮೊದಲು ಮಾಡಿದ್ದು ದಡ್ಡತನ. ಹತ್ತು ಗಂಟೆಗೆ ಫೋನ್ ಆಫ್ ಮಾಡಿ ಶಟರ್ ಎಳೆದೆ. ಮೂರನೇ ರಾತ್ರಿಯೇ ಔಷಧಿ ಕುಡಿದ ಹುಡುಗನನ್ನು ಕರೆತಂದು ಶಟರ್ ಬಡಿದರಂತೆ. ನನಗೆ ಎಚ್ಚರವಾಗಲಿಲ್ಲ. ಅವರು ಬೇರೆ ಕಡೆ ಹೋದರು, ಆ ವಿಷಕ್ಕೆ ಕೊಡುವ ಆಟ್ರೊಪಿನ್ ಇಂಜೆಕ್ಷನ್ ಹೊತ್ತಿಗೆ ಸಿಕ್ಕಿತು, ಹುಡುಗ ಉಳಿದ. ಆದರೆ ಅವನ ಅಪ್ಪ ಸಂತೆಯಲ್ಲಿ ಸಿಕ್ಕಾಗ ನಮಸ್ಕಾರ ಮಾಡಲಿಲ್ಲ, ಬೈಯಲೂ ಇಲ್ಲ. ಮುಖ ತಿರುಗಿಸಿ ಮೆಣಸಿನಕಾಯಿ ಆರಿಸುತ್ತಾ ನಿಂತ. ಅವತ್ತೇ ಫೋನ್ ಮತ್ತೆ ಆನ್ ಆಯ್ತು.

ಎರಡನೆಯದು, ರಾತ್ರಿಗೆ ಒಬ್ಬ ಹುಡುಗ ಡಾಕ್ಟರನ್ನು ಇಟ್ಟುಕೊಂಡದ್ದು. ತಿಂಗಳಿಗೆ 45 ಸಾವಿರ. ರಾತ್ರಿ ಬರುತ್ತಿದ್ದ ಹಣ ಹೆಚ್ಚೆಂದರೆ 18-20 ಸಾವಿರ. ಎರಡೂವರೆ ತಿಂಗಳಿಗೆ ಅವನು ಪಿಜಿ ಪರೀಕ್ಷೆಗೆ ಓದಬೇಕು ಅಂತ ಹೋದ. ಅವನು ಹೋದದ್ದಕ್ಕಿಂತ ಅರವತ್ತು-ಎಪ್ಪತ್ತು ಸಾವಿರ ಹೋದದ್ದು ಜಾಸ್ತಿ ನೋಯಿಸಿತು, ಸುಳ್ಳೇಕೆ ಹೇಳಲಿ.

ನಡುವೆ ಒಂದು ಸಣ್ಣ ಪ್ರಯೋಗ ಮಾಡಿದೆ. ಕ್ಯಾಲೆಂಡರ್ ಮೇಲೆ ರಾತ್ರಿ ಎಷ್ಟು ಸಲ ಎದ್ದೆ ಅಂತ ಗೀಟು ಹಾಕುತ್ತಾ ಹೋದೆ. ಔಷಧಿ ಬರೆದ ಚೀಟಿಯ ಕಾರ್ಬನ್ ಕಾಪಿ ನನ್ನಲ್ಲಿ ಇರುತ್ತೆ. ಎರಡು ತಿಂಗಳ ಕಾಪಿ ತೆಗೆದು ಬರೀ ನೆಗಡಿ-ಕೆಮ್ಮಿನ ಕೇಸು ಎಣಿಸಿದೆ. ಚೆನ್ನಾಗಿ ಮಲಗಿದ ಮಾರನೇ ದಿನ ಹತ್ತರಲ್ಲಿ ಮೂರ್ನಾಲ್ಕು ಜನಕ್ಕೆ ಆ್ಯಂಟಿಬಯೋಟಿಕ್ ಬರೆದಿದ್ದೆ. ಎರಡು-ಮೂರು ಸಲ ಎದ್ದ ಮಾರನೇ ದಿನ ಆರೇಳು ಜನಕ್ಕೆ. ಬೇಡ ಅಂತ ತಿಳಿಸಿ ಹೇಳಲು ಐದು ನಿಮಿಷ ಬೇಕು, ಬರೆಯಲು ಐದು ಸೆಕೆಂಡು ಸಾಕು. ಅಷ್ಟೇ ವ್ಯತ್ಯಾಸ. ರಕ್ತ ಪರೀಕ್ಷೆಯದೂ ಅದೇ ಕಥೆ. ಅಲ್ಲಿ ಲ್ಯಾಬಿನವರಿಂದ ಕಮಿಷನ್ ಬೇರೆ ಸಿಗುತ್ತಿತ್ತು.

ನಿದ್ದೆಗೂ ನೀತಿಗೂ ಏನು ಸಂಬಂಧ ಅನ್ನುವವರು ಒಮ್ಮೆ ತಮ್ಮ ಕಾಪಿ ಎಣಿಸಿ ನೋಡಲಿ. ಡಾಕ್ಟರಾಗುವಾಗ ಮಾಡುವ ಜಿನೀವಾ ಪ್ರತಿಜ್ಞೆ ನಾವೆಲ್ಲ ಕೈ ಮುಂದೆ ಮಾಡಿ ಓದಿದವರೇ. 2017ರಲ್ಲಿ ಅದಕ್ಕೆ ಡಾಕ್ಟರು ತಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕು ಅನ್ನುವ ಸಾಲು ಸೇರಿಸಿದರು. ನನ್ನ ಗೋಡೆ ಮೇಲಿರುವುದು ಹಳೇ ಪ್ರತಿ, ಅದರಲ್ಲಿ ಆ ಸಾಲಿಲ್ಲ.

ಮೂರನೆಯ ಸಲ ಊರಿನ ಇಬ್ಬರು ಡಾಕ್ಟರ ಹತ್ತಿರ ಹೋದೆ. ಒಬ್ಬರು ನನಗಿಂತ ಹತ್ತು ವರ್ಷ ಹಿರಿಯರು, ಇನ್ನೊಬ್ಬರು ಮಕ್ಕಳ ಡಾಕ್ಟರು. ನನ್ನ ಯೋಚನೆ ಹೇಳಿದೆ: ವಾರಕ್ಕೆ ತಲಾ ಎರಡು ರಾತ್ರಿ ಒಬ್ಬರು ನೋಡುವುದು, ಉಳಿದಿಬ್ಬರ ಫೋನ್ ಅವರ ನಂಬರಿಗೆ ತಿರುಗಿಸುವುದು. ಹಿರಿಯರು ಚಹಾ ಕುಡಿಸಿ ನೇರವಾಗಿ ಕೇಳಿದರು: 'ನನ್ನ ಪೇಶೆಂಟ್ ರಾತ್ರಿ ನಿಮ್ಮ ಕಡೆ ಬಂದರ, ಬೆಳಿಗ್ಗೆ ನಿಮ್ಮ ಲ್ಯಾಬಿಗೇ ಹೋಗ್ತದ. ಹೌದಿಲ್ಲೋ?'

ಹೌದೇ ಆಗಿತ್ತು. ನಾನು ಕಳಿಸುವ ಲ್ಯಾಬಿನ ಕಮಿಷನ್ ನನಗೆ, ಅವರು ಕಳಿಸುವ ಲ್ಯಾಬಿನದು ಅವರಿಗೆ. ಆಗ ನನಗೆ ಹೊಳೆದದ್ದು, ಕಮಿಷನ್ ಇರುವ ತನಕ ಯಾರೂ ಇನ್ನೊಬ್ಬರ ಕೈಗೆ ಪೇಶೆಂಟ್ ಕೊಡಲ್ಲ. ಅಂದರೆ ಯಾರೂ ಮಲಗಲ್ಲ. ಡಾಕ್ಟರುಗಳಿಗೆ ಇರುವ 2002ರ ನೀತಿ ನಿಯಮದಲ್ಲಿ ಕಮಿಷನ್ ಬೇಡ ಅಂತಿರುವುದು ಎಲ್ಲರಿಗೂ ಗೊತ್ತು. ನಾನು ಬಿಟ್ಟದ್ದು ಅದಕ್ಕಲ್ಲ. ನಿದ್ದೆಗಾಗಿ.

ಮೊದಲ ಎರಡು ತಿಂಗಳು ಲಾಭ ಆದದ್ದು ಲ್ಯಾಬಿನವನಿಗೆ ಮಾತ್ರ! ನನ್ನ ಪಾಲು ನಿಲ್ಲಿಸಿದ, ಪೇಶೆಂಟಿನ ಬಿಲ್ ಹಾಗೇ ಇಟ್ಟ. ಆಮೇಲೆ ರೇಟಿನ ಬೋರ್ಡ್ ಬರೆಸಿ ನನ್ನ ದವಾಖಾನೆಯಲ್ಲೇ ತೂಗುಹಾಕಿದೆ. ಅವನು ಅದೇ ರೇಟು ತಗೊಳ್ಳುತ್ತಾನಾ ಅಂತ ಪತ್ತೆ ಮಾಡಲು ನನ್ನದೊಂದು ಉಪಾಯ ಇದೆ. ಇಲ್ಲಿ ಬರೆಯಲ್ಲ, ಲ್ಯಾಬಿನವರೂ ಓದುತ್ತಾರೆ.

ಇನ್ನು ಪೇಶೆಂಟ್ ಕದಿಯುವ ಭಯ. ಅದೇ 2002ರ ನಿಯಮದಲ್ಲಿ ಹೆಚ್ಚು ಜನ ಓದದ ಒಂದು ಮಾತಿದೆ: ಇನ್ನೊಬ್ಬ ಡಾಕ್ಟರ ಬದಲಿಗೆ ನೋಡಿದವರು, ಅವರು ವಾಪಸ್ ಬಂದ ಮೇಲೆ ಪೇಶೆಂಟನ್ನು ಅವರಿಗೇ ಒಪ್ಪಿಸಬೇಕು. ಅದನ್ನೇ ಪ್ರಿಂಟ್ ತೆಗೆದು ಹಿರಿಯರ ಟೇಬಲ್ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಮ್ಮ ನಿಯಮ ಅಲ್ಲಿಂದಲೇ ಬಂತು. ರಾತ್ರಿ ಕೊಟ್ಟದ್ದೆಲ್ಲ ಹಳದಿ ಚೀಟಿಯಲ್ಲಿ ಬರೆದು, ಬೆಳಿಗ್ಗೆ ಪೇಶೆಂಟನ್ನು ಅವರ ಡಾಕ್ಟರ ಹತ್ತಿರ ಕಳಿಸುವುದು. ರಾತ್ರಿಯ ಫೀಸು ನೋಡಿದವರದ್ದು. ಹೆರಿಗೆ ಇದರಲ್ಲಿಲ್ಲ. ಮಕ್ಕಳ ಡಾಕ್ಟರ ಪಾಳಿಯಲ್ಲಿ ದೊಡ್ಡವರ ಎದೆನೋವು ಬಂದರೆ ಇಸಿಜಿ ತೆಗೆದು, ಕೊಡಬೇಕಾದ ಮಾತ್ರೆ ಕೊಟ್ಟು, ತಡ ಮಾಡದೆ ಕಲಬುರಗಿಗೆ. ಮಕ್ಕಳ ಡಾಕ್ಟರನ್ನು ಇದಕ್ಕೆ ಹೇಗೆ ಒಪ್ಪಿಸಿದೆ ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.

ಒಂದು ಸಲ ಮುರಿಯುವುದರಲ್ಲಿತ್ತು. ಹಿರಿಯರ ಹಳೇ ಸಕ್ಕರೆ ಕಾಯಿಲೆಯ ಪೇಶೆಂಟ್ ಒಬ್ಬರು ರಾತ್ರಿ ನನ್ನ ಹತ್ತಿರ ಬಂದವರು ಬೆಳಿಗ್ಗೆ ವಾಪಸ್ ಹೋಗಲು ಒಪ್ಪಲಿಲ್ಲ. 'ನಿಮ್ಮ ಕೈಗುಣ ಛಲೋ ಅದ ಸಾಹೇಬ್ರ' ಅಂದರು. ಹಿಗ್ಗಿದೆ, ನಿಜ. ಆದರೂ ನನ್ನ ಬೈಕಿನಲ್ಲೇ ಕೂರಿಸಿಕೊಂಡು ಹಿರಿಯರ ಬಾಗಿಲಿಗೆ ಬಿಟ್ಟು ಬಂದೆ. ಆ ವಾರ ಹಿರಿಯರೂ ತಮ್ಮ ಲ್ಯಾಬಿನ ಕಮಿಷನ್ ನಿಲ್ಲಿಸಿದರು.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕಮಿಷನ್ ತಿಂಗಳಿಗೆ ಸುಮಾರು 28 ಸಾವಿರ ಹೋಯಿತು. ರಾತ್ರಿಯ ಹಣ ಮೂರನೇ ಒಂದು ಪಾಲಿಗೆ ಇಳಿಯಿತು. ಫೀಸು 100 ಇದ್ದದ್ದನ್ನು 150 ಮಾಡಿದೆ. ಆರು ತಿಂಗಳು ಕೈ ಕಚ್ಚಿತು, ಮಗಳ ಕೋಚಿಂಗ್ ಫೀಸಿಗೆ ತಮ್ಮನ ಹತ್ತಿರ ಸಾಲ ತಂದೆ. ಈಗ ಮೊದಲಿಗಿಂತ ತಿಂಗಳಿಗೆ ಏಳೆಂಟು ಸಾವಿರ ಕಡಿಮೆ ಇದೆ ಅಷ್ಟೇ. ಬಿಪಿ ಒಂದು ಮಾತ್ರೆಯಲ್ಲಿ 130ರ ಆಸುಪಾಸು. ಅದು ಮಾತ್ರೆಯ ಗುಣವೋ ನಿದ್ದೆಯ ಗುಣವೋ ಅಂತ ನೋಡಲು ಮಾತ್ರೆ ನಿಲ್ಲಿಸಿದ್ದೆ. ಹೆಂಡತಿಗೆ ಗೊತ್ತಾಗಿ ಆ ಪ್ರಯೋಗ ನಾಲ್ಕೇ ದಿನಕ್ಕೆ ಮುಗಿಯಿತು.

ರಾತ್ರಿ ಫೀಸು 300 ಮಾಡಿ, ನಿಜವಾದ ಎಮರ್ಜೆನ್ಸಿ ಆದರೆ ಅರ್ಧ ವಾಪಸ್ ಕೊಡುವುದನ್ನೂ ನೋಡಿದೆ. ಯಾವುದು ಎಮರ್ಜೆನ್ಸಿ ಅಂತ ರಾತ್ರಿ ಎರಡು ಗಂಟೆಗೆ ವಾದ ಮಾಡಲು ಆಗಲಿಲ್ಲ, ಬಿಟ್ಟೆ.

ಭಾನುವಾರ ರಾತ್ರಿಯದು ಇನ್ನೂ ಬಗೆಹರಿದಿಲ್ಲ. ವಾರಕ್ಕೆ ಏಳು ರಾತ್ರಿ, ನಾವು ಮೂವರು. ಸದ್ಯಕ್ಕೆ ಚೀಟಿ ಎತ್ತುತ್ತೇವೆ. ಕಳೆದ ನಾಲ್ಕು ಭಾನುವಾರ ನನಗೇ ಬಂದಿದೆ. ಚೀಟಿ ಬರೆಯುವವರು ಹಿರಿಯರು.