‘ತೆಳು ಪದರ’ ಎಂದರೆ ಎಷ್ಟು ತೆಳು? ಪೇಟೆಂಟ್ ಮೇಲ್ಮನವಿ ಸಲ್ಲಿಸುವ ಬಗೆ

ಪುಣೆಯ ಭೋಸರಿಯಲ್ಲಿ ವರ್ಕ್‌ಶಾಪ್ ನಡೆಸುವ ಕನ್ನಡಿಗರೊಬ್ಬರು ಪಂಪಿನ ಶಾಫ್ಟ್ ಬೇಗ ಸವೆಯದಂತೆ ಲೇಪನವೊಂದನ್ನು ಕಂಡುಹಿಡಿದು ಪೇಟೆಂಟಿಗೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ. ಕ್ಲೇಮಿನಲ್ಲಿ, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ಭಾಗದಲ್ಲಿ, ‘ತೆಳು ಪದರ’ ಎಂದಷ್ಟೇ ಇದೆ. ಎಷ್ಟು ತೆಳು ಎಂಬುದು ಸ್ಪಷ್ಟವಿಲ್ಲವೆಂದು ಮುಂಬೈ ಪೇಟೆಂಟ್ ಕಚೇರಿಯ ಕಂಟ್ರೋಲರ್ ಅರ್ಜಿಯನ್ನು ತಿರಸ್ಕರಿಸಿದರೆ ಮುಂದೇನು?

ಮೊದಲು ಆದೇಶವನ್ನು ಪೂರ್ತಿ ಓದಬೇಕು. ಕ್ಲೇಮುಗಳು ಸ್ಪಷ್ಟವೂ ಸಂಕ್ಷಿಪ್ತವೂ ಆಗಿರಬೇಕೆಂದು 1970ರ ಪೇಟೆಂಟ್ ಕಾಯ್ದೆಯ 10(5)ನೇ ಕಲಮು ಹೇಳುತ್ತದೆ. ಆದೇಶದಲ್ಲಿ ಈ ಕಲಮಿನ ಜೊತೆಗೆ ಹೊಸತನದ ಬಗೆಗೂ ಆಕ್ಷೇಪವಿದ್ದರೆ, ಪದದ ಅರ್ಥವನ್ನಷ್ಟೇ ವಾದಿಸಿ ಪ್ರಯೋಜನವಿಲ್ಲ.

ಆದೇಶದ ದಿನಾಂಕದಿಂದ 3 ತಿಂಗಳೊಳಗೆ 117ಎ ಕಲಮಿನಡಿ ಮೇಲ್ಮನವಿ ಸಲ್ಲಿಸಬೇಕು. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ, ಮುಂಬೈ ಕಚೇರಿಯ ಇಂಥ ಪ್ರಕರಣಗಳು ಬಾಂಬೆ ಹೈಕೋರ್ಟಿಗೆ ಹೋಗುತ್ತವೆ. ಕಂಟ್ರೋಲರ್ ಯಾವುದೋ ಪ್ಯಾರಾವನ್ನು ನೋಡದೆಯೇ ಬಿಟ್ಟಿದ್ದರೆ, 77ನೇ ಕಲಮಿನಡಿ ಅವರಲ್ಲೇ ಮರುಪರಿಶೀಲನೆ ಕೋರಬಹುದಾದರೂ, ಅದನ್ನು ನಂಬಿ ಮೇಲ್ಮನವಿಯ ಗಡುವನ್ನು ಕಳೆದುಕೊಳ್ಳಬಾರದು.

ನಿಜವಾದ ಕೆಲಸವಿರುವುದು ಅರ್ಜಿಯ ವಿವರಣೆಯಲ್ಲಿ. ಪೆನ್ಸಿಲ್ ಹಿಡಿದು, ‘ತೆಳು ಪದರ’ ಬಂದಲ್ಲೆಲ್ಲ ಗೆರೆ ಎಳೆಯಿರಿ. ಒಂದು ಪ್ಯಾರಾದಲ್ಲಿ ‘40ರಿಂದ 60 ಮೈಕ್ರಾನ್’ ಎಂದಿದ್ದು, ಚಿತ್ರದಲ್ಲಿ ಅದೇ ಪದರಕ್ಕೆ ಗುರುತಿನ ಸಂಖ್ಯೆ ಕೊಟ್ಟಿದ್ದರೆ, ಆ ಕಸುಬು ಬಲ್ಲವನು ವಿವರಣೆಯನ್ನು ಓದಿ ಪದದ ಅರ್ಥವನ್ನು ತಿಳಿಯಬಲ್ಲ ಎಂಬುದೇ ನಿಮ್ಮ ಮುಖ್ಯ ವಾದ. ‘ಸುಮಾರು’, ‘ಬಹುಮಟ್ಟಿಗೆ’ ಎಂಬ ಪದಗಳು ಬಂದ ಮಾತ್ರಕ್ಕೆ ಕ್ಲೇಮು ಅಸ್ಪಷ್ಟವಾಗುವುದಿಲ್ಲ. ಲೇತ್ ಮುಂದೆ ನಿಂತವನಿಗೆ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆಂದು ಗೊತ್ತಿರುತ್ತದೆ. ಅರ್ಜಿ ಹಿಂದಿ ಅಥವಾ ಇಂಗ್ಲಿಷಿನಲ್ಲೇ ಇರಬೇಕಾದ್ದರಿಂದ, ಕನ್ನಡ-ಮರಾಠಿ ಬೆರೆಸಿ ಏಜೆಂಟರಿಗೆ ಹೇಳಿದ ಅಳತೆ ಎಷ್ಟೋ ಸಲ ಡ್ರಾಫ್ಟಿಗೆ ಇಳಿಯುವುದೇ ಇಲ್ಲ. ಹಾಗೆ ಬಿಟ್ಟುಹೋದ ಅಳತೆಯನ್ನು ಮೇಲ್ಮನವಿಯಲ್ಲಿ ಹೊಸದಾಗಿ ತುಂಬಲಾಗದು.

ವಾದ ನಿಲ್ಲದಿದ್ದರೆ ಎಂಬ ಮುನ್ನೆಚ್ಚರಿಕೆಯಿಂದ ತಿದ್ದಿದ ಕ್ಲೇಮನ್ನೂ ಪರ್ಯಾಯವಾಗಿ ಇಡಿ. 59ನೇ ಕಲಮಿನ ಪ್ರಕಾರ, ತಿದ್ದುಪಡಿಯ ವಿಷಯ ಮೂಲ ವಿವರಣೆಯಲ್ಲಿ ಇದ್ದಿರಬೇಕು ಮತ್ತು ತಿದ್ದಿದ ಕ್ಲೇಮು ಹಳೆಯದರ ವ್ಯಾಪ್ತಿಯನ್ನು ಮೀರಬಾರದು. ‘40ರಿಂದ 60 ಮೈಕ್ರಾನ್ ದಪ್ಪದ ಪದರ’ ಎಂದು ಕಿರಿದಾಗಿಸಬಹುದು. ವಿವರಣೆಯಲ್ಲಿ ಎಲ್ಲೂ ಇಲ್ಲದ 30ನ್ನು ಸೇರಿಸುವಂತಿಲ್ಲ.

ತಿರಸ್ಕಾರದ ಆದೇಶ, ಅರ್ಜಿಯ ಬಗ್ಗೆ ಪೇಟೆಂಟ್ ಕಚೇರಿ ಕೊಟ್ಟ ಪರೀಕ್ಷಾ ವರದಿ, ಅದಕ್ಕೆ ಕೊಟ್ಟ ಉತ್ತರ, ವಿಚಾರಣೆಯ ನಂತರದ ಲಿಖಿತ ಹೇಳಿಕೆ ಇವನ್ನು ವಕೀಲರ ಮೂಲಕ ಜೋಡಿಸಿ. ಕೋರಿಕೆಯಲ್ಲಿ ಆದೇಶದ ರದ್ದತಿಯನ್ನೂ, ಅದಾಗದಿದ್ದರೆ ತಿದ್ದಿದ ಕ್ಲೇಮಿನ ಮೇಲೆ ಹೊಸ ವಿಚಾರಣೆಗಾಗಿ ಪೇಟೆಂಟ್ ಕಚೇರಿಗೇ ಹಿಂದಿರುಗಿಸುವಂತೆಯೂ ಕೇಳಬೇಕು.