ಫ್ಲೂ ಲಸಿಕೆ ಹಂದಿಗೋ, ಹಂದಿ ಸಾಕುವವರಿಗೋ? ಪಶುವೈದ್ಯನಾಗಿ ನನ್ನ ಅನುಭವ

ನಾನು ಪಶುವೈದ್ಯ, ಕೆಲಸ ಜಾಸ್ತಿ ಹಂದಿ ಫಾರಂಗಳಲ್ಲೇ. "ಫ್ಲೂ ಲಸಿಕೆ ಹಾಕಿಸಿದ್ರೆ ಉಪಯೋಗ ಇದೆಯಾ, ಸುಮ್ನೆ ದುಡ್ಡು ದಂಡಾನಾ?" ಅನ್ನೋ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಮಾಲೀಕರು ಕೇಳೋದು ಹಂದಿಗಳಿಗಾಗಿ, ಕೆಲಸದವರು ಕೇಳೋದು ತಮಗಾಗಿ. ಎರಡಕ್ಕೂ ನನ್ನ ಉತ್ತರ ಒಂದೇ ಅಲ್ಲ. ಜನ ಪ್ರತಿ ವರ್ಷ ತಪ್ಪದೆ ಹಾಕಿಸಿಕೊಳ್ಳಬೇಕು. ಹಂದಿಗಾದರೆ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ನೋಡೋಣ ಅನ್ನುತ್ತೇನೆ.

ಶೆಡ್ಡಿಗೆ ಫ್ಲೂ ಹೊಕ್ಕಿದ್ದರೆ ಬಾಗಿಲಲ್ಲೇ ಗೊತ್ತಾಗುತ್ತದೆ. ಬೇರೆ ದಿನ ಮೇವಿನ ಸದ್ದಿಗೇ ಕಿರುಚಾಡೋ ಹಂದಿಗಳು ಅವತ್ತು ಏಳೋದೇ ಇಲ್ಲ. ಒಂದಕ್ಕೊಂದು ಒತ್ತಿಕೊಂಡು ಮಲಗಿರುತ್ತವೆ, ಮೂಗಲ್ಲಿ ನೀರು, ಕಣ್ಣು ಕೆಂಪು, ಕೆಲವು ಬಾಯಿ ತೆರೆದು ಉಸಿರಾಡುತ್ತಿರುತ್ತವೆ. ಎಬ್ಬಿಸಿದರೆ ನಾಯಿ ಬೊಗಳಿದ ಹಾಗೆ ಗಡುಸಾದ ಕೆಮ್ಮು. ಹಂದಿಯ ಮೈ ಬಿಸಿ ಮಾಮೂಲಿಯಾಗಿ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆಗ ಥರ್ಮಾಮೀಟರ್ ಇಟ್ಟರೆ 41ರ ಹತ್ತಿರ ತೋರಿಸುತ್ತದೆ. ಸೋಂಕು ತಗುಲಿ ಒಂದರಿಂದ ಮೂರು ದಿನದಲ್ಲಿ ಜ್ವರ ಶುರುವಾಗುತ್ತದೆ, ನೋಡನೋಡುತ್ತಲೇ ಇಡೀ ಶೆಡ್ಡು ಮಲಗುತ್ತದೆ. ಆದರೆ ಸಾಯೋದು ಕಡಿಮೆ, ಬಹಳಷ್ಟು ಹಂದಿಗಳು ವಾರದೊಳಗೆ ಮೇವಿಗೆ ಬಾಯಿ ಹಾಕುತ್ತವೆ. ಒಂದಾದ ಮೇಲೊಂದು ಸಾಯುತ್ತಿದ್ದರೆ ಕ್ಲಾಸಿಕಲ್ ಅಥವಾ ಆಫ್ರಿಕನ್ ಹಂದಿ ಜ್ವರದ ಅನುಮಾನ ಪಡಬೇಕು. ಅವು ಬೇರೆಯೇ ವೈರಸ್‌ಗಳು, ಮನುಷ್ಯರಿಗೆ ಬರಲ್ಲ, ಆದರೆ ಕೂಡಲೇ ಸರ್ಕಾರಿ ಪಶುವೈದ್ಯರಿಗೆ ತಿಳಿಸಲೇಬೇಕು.

ಸಾವು ಕಡಿಮೆ ಅಂದ ಮಾತ್ರಕ್ಕೆ ನಷ್ಟ ಕಡಿಮೆ ಅಲ್ಲ. ತೂಕ ಇಳಿಯುತ್ತದೆ, ಜೋರು ಜ್ವರಕ್ಕೆ ಗಬ್ಬದ ಹಂದಿಗಳು ಕಂದು ಹಾಕುತ್ತವೆ, ಹಿಂದೆಯೇ ಬ್ಯಾಕ್ಟೀರಿಯಾ ಸೇರಿಕೊಂಡು ನ್ಯುಮೋನಿಯಾ ಆಗುತ್ತದೆ. ವೈರಸ್‌ಗೆ ಆ್ಯಂಟಿಬಯೋಟಿಕ್ ಕೆಲಸ ಮಾಡಲ್ಲ, ಅದನ್ನು ಕೊಡೋದು ಈ ಎರಡನೇ ಸೋಂಕು ಇದ್ದಾಗ ಮಾತ್ರ. ಉಳಿದಂತೆ ನೀರು, ಗಾಳಿ, ಧೂಳಿಲ್ಲದ ಜಾಗ, ಜ್ವರ ಇಳಿಸೋ ಔಷಧಿ, ಅಷ್ಟೇ. ಆ ದಿನಗಳಲ್ಲಿ ಹಂದಿಗಳನ್ನು ಶೆಡ್ಡಿಂದ ಶೆಡ್ಡಿಗೆ ಸಾಗಿಸಬಾರದು.

ಪರೀಕ್ಷೆಗೆ ನಾನು ಮಾಡೋದು ತೀರಾ ಸರಳ. ಹತ್ತಿಯ ಹಗ್ಗವೊಂದನ್ನು ಹಂದಿಯ ಭುಜದ ಎತ್ತರಕ್ಕೆ ನೇತು ಹಾಕುತ್ತೇನೆ. ಹಂದಿಗೆ ಕುತೂಹಲ ಜಾಸ್ತಿ, ಒಂದು ಬಂದು ಮೂಸುತ್ತದೆ, ಅಗಿಯುತ್ತದೆ, ಅದನ್ನು ನೋಡಿ ಉಳಿದವೂ ಮುತ್ತುತ್ತವೆ. ಅರ್ಧ ಗಂಟೆಯಲ್ಲಿ ಹಗ್ಗದ ತುದಿ ಜೊಲ್ಲಲ್ಲಿ ನೆನೆದು ಭಾರವಾಗಿರುತ್ತದೆ. ತುದಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಿಂಡಿ, ಆ ಜೊಲ್ಲನ್ನು ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಯಾವ ಹಂದಿಯನ್ನೂ ಹಿಡಿಯಬೇಕಿಲ್ಲ, ಕಿರುಚಾಟವೂ ಇಲ್ಲ. ತೀರಾ ಮಂಕಾಗಿ ಮಲಗಿದವು ಹಗ್ಗದ ಹತ್ತಿರ ಬರಲ್ಲ, ಅವುಗಳ ಮೂಗಿನ ಸ್ವಾಬ್ ತೆಗೆಯುತ್ತೇನೆ.

ಇಷ್ಟೆಲ್ಲ ಯಾಕೆ ಅಂದರೆ ಹಂದಿಗಳಲ್ಲಿ ಓಡಾಡೋದು ಒಂದೇ ಫ್ಲೂ ಅಲ್ಲ. ಎಚ್1ಎನ್1, ಎಚ್1ಎನ್2, ಎಚ್3ಎನ್2 ಅಂತ ಮುಖ್ಯವಾಗಿ ಮೂರು ಬಗೆ, ಒಂದೊಂದರಲ್ಲೂ ಹಲವು ತಳಿ. ಬಾಟಲಿಯಲ್ಲಿರೋ ತಳಿಗೂ ಶೆಡ್ಡಿನಲ್ಲಿರೋ ತಳಿಗೂ ತಾಳೆಯಾಗದಿದ್ದರೆ ಲಸಿಕೆ ವ್ಯರ್ಥ. ವ್ಯರ್ಥವಾದರೂ ಪರವಾಗಿಲ್ಲ ಅನ್ನೋ ಹಾಗೂ ಇಲ್ಲ. ಹೊಂದಿಕೆಯಾಗದ ನಿಷ್ಕ್ರಿಯ ಲಸಿಕೆ (ಸತ್ತ ವೈರಸ್‌ನಿಂದ ಮಾಡಿದ್ದು) ಹಾಕಿದ ಹಂದಿಗಳಿಗೆ ಆಮೇಲೆ ಬೇರೆ ತಳಿ ತಗುಲಿದಾಗ ಶ್ವಾಸಕೋಶದ ಹಾನಿ ಲಸಿಕೆ ಹಾಕದವಕ್ಕಿಂತ ಜಾಸ್ತಿಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಪಕ್ಕದ ಫಾರಂನವರು ಹಾಕಿಸಿದರು, ನಮಗೂ ಹಾಕಿ ಅನ್ನೋರಿಗೆ ನಾನು ಒಪ್ಪದಿರೋದು ಇದಕ್ಕೇ. ಹಂದಿಯ ಫ್ಲೂ ಲಸಿಕೆ ಎಲ್ಲ ದೇಶಗಳಲ್ಲೂ ಸಿಗಲ್ಲ ಅನ್ನೋದು ಬೇರೆ ಮಾತು.

ನಾನು ಹಾಕಿಸಿದ್ದು ಮರಿ ಹಾಕಿಸೋ ಫಾರಂ ಒಂದರಲ್ಲಿ. ಅಲ್ಲಿ ಹಾಲು ಬಿಡಿಸಿದ ಮರಿಗಳ ಪ್ರತಿ ತಂಡವೂ ಕೆಮ್ಮುತ್ತಿತ್ತು, ವೈರಸ್ ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಕೊಂಡು ಅಲ್ಲೇ ಮನೆ ಮಾಡಿತ್ತು. ತಳಿ ಲಸಿಕೆಗೆ ಹೊಂದಿತು. ತಾಯಿ ಹಂದಿಗಳಿಗೆ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ಸಲ ಮರಿ ಹಾಕೋ ಮುಂಚೆ ಒಂದು ಬೂಸ್ಟರ್. ತಾಯಿಯ ರಕ್ಷಣೆ ಗಿಣ್ಣು ಹಾಲಲ್ಲಿ ಮರಿಗೆ ಇಳಿಯುತ್ತದೆ. ಮರಿಗಳಿಗೇ ಹಾಕಬಹುದಲ್ಲ ಅಂದರೆ, ತಾಯಿಯಿಂದ ಬಂದ ಪ್ರತಿಕಾಯ ಇರೋವರೆಗೆ ಮರಿಯ ಲಸಿಕೆ ಸರಿಯಾಗಿ ಹಿಡಿಯಲ್ಲ. ಕೆಮ್ಮು ಕಡಿಮೆಯಾಯಿತು, ಕಂದು ಹಾಕೋದು ನಿಂತಿತು. ವೈರಸ್ ಮಾತ್ರ ಪೂರ್ತಿ ಹೋಗಲಿಲ್ಲ. ಜ್ವರವಿಲ್ಲದ ಮರಿಗಳ ಮೂಗಲ್ಲೂ ಅದು ಇರಬಹುದು ಅಂತ ಮಾಲೀಕರಿಗೆ ಮೊದಲೇ ಹೇಳಿದ್ದೆ. ಕೊಬ್ಬಿಸಿ ಮಾರೋ ಇನ್ನೊಂದು ಫಾರಂನಲ್ಲಿ, ಇಡೀ ತಂಡ ಒಟ್ಟಿಗೆ ಬಂದು ಒಟ್ಟಿಗೆ ಹೋಗಿ ನಡುವೆ ಶೆಡ್ಡು ತೊಳೆದು ಖಾಲಿ ಬಿಡುತ್ತಿದ್ದರು. ವೈರಸ್‌ಗೆ ಒಂದು ತಂಡದಿಂದ ಇನ್ನೊಂದಕ್ಕೆ ದಾಟೋ ದಾರಿ ಇರಲಿಲ್ಲ, ಹಾಗಾಗಿ ಅಲ್ಲಿ ಲಸಿಕೆ ಬೇಡ ಅಂದೆ.

ಈಗ ಜನರ ವಿಷಯ. ನನಗೆ ಇದೇ ಮುಖ್ಯ.

ಹಂದಿಯಿಂದ ನಮಗೆ ಬರುತ್ತದೆ ಅಂತ ಎಲ್ಲರೂ ಹೆದರುತ್ತಾರೆ, ನಮ್ಮಿಂದ ಹಂದಿಗೆ ಹೋಗುತ್ತದೆ ಅನ್ನೋದು ಯಾರಿಗೂ ನೆನಪಿರಲ್ಲ. 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಮತ್ತು ಅಮೆರಿಕದಲ್ಲಿ ಪತ್ತೆಯಾದ ಎಚ್1ಎನ್1 ವೈರಸ್‌ನಲ್ಲಿ ಉತ್ತರ ಅಮೆರಿಕದ ಹಂದಿಗಳ ಮತ್ತು ಯುರೇಷ್ಯಾದ ಹಂದಿಗಳ ವೈರಸ್‌ಗಳ ಜೀನ್‌ಗಳು ಬೆರೆತಿದ್ದವು. ಅದು ಜನರಲ್ಲಿ ಹಬ್ಬಿದ ಮೇಲೆ ಜನರಿಂದಲೇ ಎಷ್ಟೋ ದೇಶಗಳ ಹಂದಿಗಳಿಗೆ ದಾಟಿತು. ಹಂದಿಯ ಉಸಿರು ನಾಳದಲ್ಲಿ ಹಕ್ಕಿಯ ಫ್ಲೂಗೂ ಮನುಷ್ಯರ ಫ್ಲೂಗೂ ಅಂಟಿಕೊಳ್ಳಲು ಜಾಗವಿದೆ. ಎರಡು ವೈರಸ್ ಒಂದೇ ಹಂದಿಯಲ್ಲಿ ಸೇರಿದರೆ ಜೀನ್ ಅದಲುಬದಲಾಗಿ ಹೊಸದೊಂದು ಹುಟ್ಟಬಹುದು. ಕೆಮ್ಮುತ್ತಾ ಶೆಡ್ಡಿಗೆ ಬರೋ ಕೆಲಸಗಾರ ಆ ಎರಡನೇ ವೈರಸ್ ತಂದುಕೊಟ್ಟ ಹಾಗೆ. 2009ರಲ್ಲಿ ಈ ಫ್ಲೂಗೆ ಹೆದರಿ ಈಜಿಪ್ಟ್ ಸರ್ಕಾರ ಸುಮಾರು ಮೂರು ಲಕ್ಷ ಹಂದಿಗಳನ್ನು ಕೊಲ್ಲಿಸಿತು, ಆದರೆ ಆ ರೋಗ ಹರಡುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. ಚೆನ್ನಾಗಿ ಬೇಯಿಸಿದ ಮಾಂಸದಿಂದಲೂ ಅದು ಬರಲ್ಲ. ಆ ಹಂದಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

2009ರ ವೈರಸ್ ಎಲ್ಲೂ ಹೋಗಿಲ್ಲ, ಪ್ರತಿ ವರ್ಷದ ಮಾಮೂಲಿ ಫ್ಲೂಗಳಲ್ಲಿ ಅದೂ ಒಂದು, ವರ್ಷಕ್ಕೊಮ್ಮೆ ಹಾಕೋ ಲಸಿಕೆಯಲ್ಲಿ ಅದರ ಭಾಗ ಇದ್ದೇ ಇರುತ್ತದೆ. ಮಳೆಗಾಲವೋ ಚಳಿಗಾಲವೋ, ಫ್ಲೂ ಏರೋ ಕಾಲಕ್ಕೆ ಮುಂಚೆಯೇ ನಾನು ಫಾರಂಗೇ ನರ್ಸ್ ಕರೆಸುತ್ತೇನೆ, ರಕ್ಷಣೆ ಬರಲು ಎರಡು ವಾರ ಬೇಕಲ್ಲ. ಖರ್ಚು ಮಾಲೀಕರದು ಅಂತ ಮೊದಲೇ ಒಪ್ಪಿಸಿರುತ್ತೇನೆ. ಎಲ್ಲರ ಎದುರು ಮೊದಲು ನನ್ನ ತೋಳಿಗೇ ಚುಚ್ಚಿಸಿಕೊಳ್ಳುತ್ತೇನೆ.

"ಡಾಕ್ಟ್ರೇ, ಹೋದ ವರ್ಷ ಹಾಕಿಸಿಕೊಂಡೆ, ಆದ್ರೂ ಜ್ವರ ಬಂತು" ಅನ್ನೋರು ಇದ್ದೇ ಇರುತ್ತಾರೆ. ಬರಬಹುದು. ತಳಿ ಹೊಂದಿಕೆಯಾದ ವರ್ಷ ಆಸ್ಪತ್ರೆ, ಕ್ಲಿನಿಕ್‌ಗೆ ಹೋಗೋ ಮಟ್ಟದ ಫ್ಲೂ ಸುಮಾರು 40ರಿಂದ 60 ಶೇಕಡಾ ಕಡಿಮೆಯಾಗುತ್ತದೆ, ನೂರಕ್ಕೆ ನೂರು ಅಲ್ಲ. ಬಂದರೂ ಐಸಿಯು ಮುಟ್ಟೋ ಸಾಧ್ಯತೆ ಕಡಿಮೆ. 2009ರ ವೈರಸ್ ಹಬ್ಬಿದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ 1,51,700ರಿಂದ 5,75,400 ಜನ ಸತ್ತಿರಬಹುದು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜು, ಅವರಲ್ಲಿ ನೂರಕ್ಕೆ 80 ಜನ 65ಕ್ಕಿಂತ ಚಿಕ್ಕವರು. ಶೆಡ್ಡಿನಲ್ಲಿ ದುಡಿಯೋ ವಯಸ್ಸಿನವರೇ ಅಲ್ವಾ?

"ಕೈಕಾಲು ಸ್ವಾಧೀನ ತಪ್ಪುತ್ತಂತೆ" ಅನ್ನೋ ಭಯಕ್ಕೂ ಹಿನ್ನೆಲೆ ಇದೆ, ಅದನ್ನು ಮುಚ್ಚಿಡಬಾರದು. 1976ರಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹಂದಿಯ ಫ್ಲೂ ಕಂಡು ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಸಾಂಕ್ರಾಮಿಕ ಬರಲೇ ಇಲ್ಲ, ಆದರೆ ಲಸಿಕೆ ಪಡೆದ ಒಂದು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ ಗಿಯಾನ್-ಬಾರೆ ಅನ್ನೋ ನರದ ಕಾಯಿಲೆ ಬಂತು, ಕಾರ್ಯಕ್ರಮ ನಿಲ್ಲಿಸಿದರು. ಈಗಿನ ಲಸಿಕೆಗಳಲ್ಲಿ ಆ ಅಪಾಯ ಇದ್ದರೆ ಹತ್ತು ಲಕ್ಷ ಡೋಸಿಗೆ ಒಂದೆರಡು. ಲಸಿಕೆಯಿಲ್ಲದೆ ಫ್ಲೂ ಬಂದರೂ ಅದೇ ಕಾಯಿಲೆ ಬರಬಹುದು. ಇಷ್ಟನ್ನು ನೇರವಾಗಿ ಹೇಳಿದರೆ ಬಹಳಷ್ಟು ಜನ ಅಂಗಿಯ ತೋಳು ಮಡಚಿ ಚುಚ್ಚಿಸಿಕೊಳ್ಳುತ್ತಾರೆ. ಗರ್ಭಿಣಿಯರಿಗೂ ಆರು ತಿಂಗಳು ದಾಟಿದ ಮಕ್ಕಳಿಗೂ ಹಾಕಿಸಬಹುದು, ಹಾಕಿಸಬೇಕು. ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲವಾದರೆ ತಿಂಗಳ ಅಂತರದಲ್ಲಿ ಎರಡು ಡೋಸ್ ಬೇಕು.

ಲಸಿಕೆಗಿಂತ ನಾನು ಹೆಚ್ಚು ವಾದ ಮಾಡಿದ್ದು ರಜೆಗಾಗಿ. ಜ್ವರ, ಕೆಮ್ಮು ಇದ್ದವನು ಶೆಡ್ಡಿಗೆ ಬರಬಾರದು, ಆ ದಿನಗಳ ಕೂಲಿ ಕಡಿಯಬಾರದು. ಕೂಲಿ ಕಡಿದರೆ ಯಾರೂ ಜ್ವರ ಇದೆ ಅಂತ ಬಾಯಿ ಬಿಡಲ್ಲ. ಒಂದು ಶೆಡ್ಡು ಫ್ಲೂ ಹಿಡಿದು ಮಲಗಿದರೆ ಆಗೋ ನಷ್ಟದ ಲೆಕ್ಕ ಬರೆದು ತೋರಿಸಿದ ಮೇಲೆ ಒಬ್ಬೊಬ್ಬರಾಗಿ ಮಾಲೀಕರು ಒಪ್ಪಿದ್ದಾರೆ.

ಇನ್ನೊಂದು ಮಾತು. ಜನರ ಲಸಿಕೆ ಹಂದಿಗಳ ಎಲ್ಲ ತಳಿಗಳನ್ನೂ ತಡೆಯಲ್ಲ. 2012ರಲ್ಲಿ ಅಮೆರಿಕದ ಜಾನುವಾರು ಮೇಳಗಳಲ್ಲಿ ಹಂದಿಗಳಿಂದ 300ಕ್ಕೂ ಹೆಚ್ಚು ಜನರಿಗೆ ಎಚ್3ಎನ್2ರ ಒಂದು ತಳಿ ತಗುಲಿತು, ಬಹಳಷ್ಟು ಮಕ್ಕಳಿಗೆ. ಹಾಗಾಗಿ ಕೆಮ್ಮೋ ಹಂದಿಗಳ ನಡುವೆ ಮಾಸ್ಕ್, ಕೈಗವಸು ಬಿಡಬೇಡಿ. ಜ್ವರ ಬಂದರೆ "ನಾನು ಹಂದಿಗಳ ಜೊತೆ ಕೆಲಸ ಮಾಡ್ತೀನಿ" ಅಂತ ವೈದ್ಯರಿಗೆ ಮೊದಲೇ ಹೇಳಿ. ಫ್ಲೂ ವೈರಸ್‌ಗೆ ಕೊಡೋ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಕೆಲಸ ಮಾಡೋದು ಜಾಸ್ತಿ. ಉಸಿರು ಕಟ್ಟಿದ ಹಾಗಾದರೆ ಎಷ್ಟು ದಿನವಾಯಿತು ಅಂತ ಎಣಿಸದೆ ನೇರ ಆಸ್ಪತ್ರೆಗೆ ಹೋಗಿ.