ಕಾಫಿ ಮೂಟೆ ಮತ್ತು ಏಳು ಜಿ

ನಾನು ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದವನು. ಈಗ ಸಕಲೇಶಪುರದ ಹತ್ತಿರ ಅಪ್ಪನ ತೋಟ ನೋಡಿಕೊಂಡಿದ್ದೇನೆ. ಊರವರು ಇಂದಿಗೂ ಕೇಳುವ ಮೊದಲ ಪ್ರಶ್ನೆ: "ಮೇಲೆ ತಲೆ ಸುತ್ತುವುದಿಲ್ಲವೇ?" ತಲೆ ಸುತ್ತುವುದಲ್ಲ, ಕಣ್ಣು ಕತ್ತಲಾಗುತ್ತದೆ.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಉದ್ದನೆಯ ತೋಳಿನ ಯಂತ್ರವೊಂದಿದೆ. ಯುದ್ಧವಿಮಾನ ರಭಸದಿಂದ ತಿರುಗಿದಾಗ ಮೈಮೇಲೆ ಬೀಳುವ ಭಾರ ಅಭ್ಯಾಸವಾಗಲೆಂದು ತೋಳಿನ ತುದಿಯ ಗೂಡಿನಲ್ಲಿ ನಮ್ಮನ್ನು ಕೂರಿಸಿ ಗಿರಗಿರನೆ ತಿರುಗಿಸುತ್ತಾರೆ. ಆ ಭಾರವನ್ನು ಅಳೆಯುವುದು 'ಜಿ'ಯಲ್ಲಿ. ಒಂದು ಜಿ ಎಂದರೆ ನಿಂತ ನೆಲದಲ್ಲಿ ನಾವು ಹೊರುವ ನಮ್ಮದೇ ತೂಕ. ಮೊದಲ ಸುತ್ತಿಗೆ ಮೈ ಸಡಿಲ ಬಿಟ್ಟು ಕೂರಬೇಕು. ಎದುರಿಗೆ ನಡುವೆ ಕೆಂಪು ದೀಪ, ಅಕ್ಕಪಕ್ಕ ಹಸಿರು ದೀಪಗಳು. ಮೂರು ಜಿಗೆ ಕೆನ್ನೆ ಜೋತುಬಿತ್ತು. ಕೈ ಎತ್ತಲು ಹೋದರೆ ಯಾರೋ ಮಣಿಕಟ್ಟು ಹಿಡಿದು ಜಗ್ಗಿದ ಹಾಗೆ. ನಾಲ್ಕು ದಾಟುತ್ತಿದ್ದಂತೆ ಹಸಿರು ದೀಪಗಳು ಬೂದಿ ಬಣ್ಣಕ್ಕೆ ತಿರುಗಿದವು, ಆಮೇಲೆ ಕಾಣಲೇ ಇಲ್ಲ. ಎಚ್ಚರ ಮಾತ್ರ ಚೆನ್ನಾಗಿಯೇ ಇತ್ತು.

ಲೆಕ್ಕ ಸರಳ. ಹೃದಯದಿಂದ ಮಿದುಳಿಗೆ ಸುಮಾರು ಒಂದು ಅಡಿ ಏರು. ಆ ಏರಿನಲ್ಲಿ ಪ್ರತಿ ಜಿಗೂ ಹತ್ತಿರ ಹತ್ತಿರ 22 ಮಿ.ಮೀ. ಪಾದರಸದಷ್ಟು ರಕ್ತದೊತ್ತಡ ಸೋರಿಹೋಗುತ್ತದೆ. 120ರಿಂದ ಐದು ಬಾರಿ ಕಳೆದರೆ ಉಳಿಯುವುದು 10. ಕಣ್ಣುಗುಡ್ಡೆಯ ಒಳಗಿನ ಒತ್ತಡವೇ 15ರ ಆಸುಪಾಸು ಇರುವುದರಿಂದ ಮೊದಲು ಕಣ್ಣಿಗೆ ರಕ್ತ ನಿಲ್ಲುತ್ತದೆ, ಪ್ರಜ್ಞೆ ತಪ್ಪುವುದು ಅದರ ನಂತರ. ನನ್ನದು ಕೊಕ್ಕರೆ ಕೊರಳು. ಗಿಡ್ಡ ಕೊರಳಿನ ಗೆಳೆಯ ನನಗಿಂತ ಅರ್ಧ ಜಿ ಹೆಚ್ಚು ತಡೆದ. ಆ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.

ಮರುದಿನ ಮೈ ಬಿಗಿಯುವುದನ್ನು ಕಲಿಸಿದರು. ಮೀನಖಂಡ, ತೊಡೆ, ಪಿರ್ರೆ, ಹೊಟ್ಟೆ ಹೀಗೆ ಕೆಳಗಿನಿಂದ ಕಲ್ಲು ಮಾಡಿಕೊಂಡು ಬಂದು, ಗಂಟಲು ಮುಚ್ಚಿ ಉಸಿರನ್ನು ಎದೆಯಲ್ಲೇ ಒತ್ತಬೇಕು. ನಮ್ಮ ಕಣದಲ್ಲಿ 50 ಕೆ.ಜಿ. ಕಾಫಿ ಮೂಟೆಯನ್ನು ಬೆನ್ನಿಗೇರಿಸುವಾಗ ಆಳುಗಳು ಹಾಕುವ 'ಹ್ಹುಕ್' ನೆನಪಾಯಿತು. ಹಾಗೆಯೇ ಮಾಡಿದೆ, ದೀಪ ಮತ್ತೆ ಮಾಯ! ಮೂಟೆಗೆ ಒಂದು 'ಹ್ಹುಕ್' ಸಾಕು. ಇಲ್ಲಿ ಉಸಿರು ಕಟ್ಟಿಯೇ ಇದ್ದರೆ ಎದೆಯ ಒತ್ತಡಕ್ಕೆ ಕಾಲಿನ ರಕ್ತ ಹೃದಯಕ್ಕೆ ಮರಳುವುದು ಕಷ್ಟ. ಮೂರು ಸೆಕೆಂಡಿಗೊಮ್ಮೆ, ಚಿಟಿಕೆ ಹೊಡೆಯುವಷ್ಟರಲ್ಲಿ, ಉಸಿರು ಬದಲಿಸಬೇಕು; ಕಾಲಿನ ಬಿಗಿ ಮಾತ್ರ ಸಡಿಲಬಾರದು. ಗಾಳಿ ತುಂಬಿಕೊಂಡು ಕಾಲು, ಹೊಟ್ಟೆ ಹಿಂಡುವ ಜಿ-ಸೂಟ್‌ನಿಂದ ದಕ್ಕುವುದು ಒಂದು, ಒಂದೂವರೆ ಜಿ. ಉಳಿದದ್ದೆಲ್ಲ ನಮ್ಮ ಬೆವರು. ಏಳು ಜಿಯಲ್ಲಿ 70 ಕೆ.ಜಿ.ಯ ನಾನು 490 ಕೆ.ಜಿ., ಅಂದರೆ ಹೆಚ್ಚುಕಡಿಮೆ ಹತ್ತು ಮೂಟೆ. ತಿಂಡಿ ಬಿಟ್ಟ ದಿನ, ನೀರು ಕಡಿಮೆ ಕುಡಿದ ದಿನ ಇದೇ ಮೈ ಕೈಕೊಡುತ್ತಿತ್ತು.

ಇದೆಲ್ಲ ತಲೆಯಿಂದ ಕಾಲಿನ ಕಡೆಗೆ ಭಾರ ಬಿದ್ದಾಗಿನ ಮಾತು. ಎದೆ-ಬೆನ್ನಿನ ದಿಕ್ಕಿನಲ್ಲಾದರೆ ಮೈ ಎಷ್ಟೋ ಹೆಚ್ಚು ತಾಳುತ್ತದೆ. ಗಗನಯಾತ್ರಿಗಳನ್ನು ಅಂಗಾತ ಮಲಗಿಸುವುದು ಅದಕ್ಕೇ. 1954ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್, ಪ್ರಯೋಗಕ್ಕೆಂದು ತಾವೇ ಕೂತಿದ್ದ ರಾಕೆಟ್ ಬಂಡಿ ಗಕ್ಕನೆ ನಿಂತಾಗ, ಕ್ಷಣಮಾತ್ರ 46 ಜಿ ಉಂಡು ಬದುಕಿದರು, ಕಣ್ಣಲ್ಲಿ ರಕ್ತ ಒಡೆದಿತ್ತು. ರಕ್ತ ತಲೆಗೆ ನುಗ್ಗುವ ದಿಕ್ಕಿನಲ್ಲಿ ಮಾತ್ರ ಮೂರು ಜಿಯೂ ಹೆಚ್ಚೇ.

ತರಬೇತಿ ಮುಗಿಸಿ ರಜೆಗೆ ಬಂದಾಗ ನನ್ನ ಮುಂಗೈ ತುಂಬ ಕೆಂಪು ಚುಕ್ಕೆಗಳಿದ್ದವು. ಭಾರಕ್ಕೆ ಸಣ್ಣ ರಕ್ತನಾಳಗಳು ಒಡೆದು ಹಾಗಾಗುತ್ತದೆ. ಪೈಲಟ್‌ಗಳು ತಮಾಷೆಗೆ 'ಜಿ ದಡಾರ' ಎನ್ನುತ್ತಾರೆ. ಅವ್ವನಿಗೆ ಹಾಗೆಂದೇ ಹೇಳಿದೆ. ಅವಳಿಗೆ ಕೇಳಿಸಿದ್ದು ದಡಾರ ಮಾತ್ರ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, "ಮೂರು ದಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ" ಎಂದಳು.